ಕರೆಂಟ್ ಕಾರು: ಕೊಳ್ಳುವ ಮೊದಲು, ಕೊಂಡ ಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊರಿಗೆ ಉಪಯೋಗಕ್ಕೆ ಬರುವಂಥ ಒಂದು ವಿಷಯ ಆರಿಸಿಕೊಂಡು ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ನಾನು ಸಾಫ್ಟ್‌ವೇರ್ ಕೆಲಸದವನು. ಆ ಕೆಲಸದ ಬಗ್ಗೆ ಊರಿನಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಆದರೆ 2021ರಲ್ಲಿ ಹಸಿರು ನಂಬರ್ ಪ್ಲೇಟಿನ ಕಾರು ಕೊಂಡಾಗಿನಿಂದ ಪ್ರಶ್ನೆಗಳಿಗೆ ಬರವಿಲ್ಲ. ‘ಎಷ್ಟು ಓಡುತ್ತೆ?’ ‘ಕರೆಂಟ್ ಬಿಲ್ ಎಷ್ಟು ಬರುತ್ತೆ?’ ‘ಬ್ಯಾಟರಿ ಹೋದರೆ ಗತಿಯೇನು?’ ‘ಮಳೇಲಿ ಶಾಕ್ ಹೊಡೆಯಲ್ವಾ?’ ಮೊದಮೊದಲು ಇವು ಕುತೂಹಲದ ಪ್ರಶ್ನೆಗಳು. ಈಗ ಹಾಗಿಲ್ಲ. ಈ ವರ್ಷ ನಮ್ಮೂರಿನ ಇಬ್ಬರು ಹುಡುಗರು ಕರೆಂಟ್ ಕಾರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿ ಬಂದಿದ್ದಾರೆ. ಒಬ್ಬ ಬಾಡಿಗೆಗೆ ಓಡಿಸಬೇಕೆಂದಿದ್ದಾನೆ, ಅದಕ್ಕೆ ತೋಟದ ಪತ್ರ ಇಡುವ ಮಾತು ಮನೆಯಲ್ಲಿ ನಡೆದಿದೆ. ತೋಟದ ಪತ್ರ ಎಂದ ಮೇಲೆ ಕಟ್ಟೆಯ ಮೇಲೆ ಕೂತು ಹೇಳುವ ಹಗುರ ಮಾತು ಸಾಲದು. ಆದ್ದರಿಂದ ನಾಲ್ಕೂವರೆ ವರ್ಷ, 68 ಸಾವಿರ ಕಿಲೋಮೀಟರ್ ಓಡಿಸಿ ಕಂಡದ್ದನ್ನೂ, ಓದಿ ತಿಳಿದದ್ದನ್ನೂ ಸೇರಿಸಿ ಲೆಕ್ಕ ಸಮೇತ ಹೇಳುತ್ತೇನೆ.

ಮೊದಲು ಒಳಗೆ ಏನಿದೆ ಎಂದು ನೋಡೋಣ. ಕೊಳವೆಬಾವಿಯ ಮೋಟರು ಗೊತ್ತಿದ್ದವರಿಗೆ ಈ ಕಾರು ಅರ್ಧ ಗೊತ್ತಿದ್ದ ಹಾಗೆಯೇ. ತೋಟದ ಮೋಟರು ತ್ರೀಫೇಸ್, ಕಾರಿನದೂ ತ್ರೀಫೇಸ್. ತೋಟಕ್ಕೆ ಮೂರು ಫೇಸು ಕಂಬದಿಂದ ಬರುತ್ತವೆ. ಕಾರಿಗೆ ಕಂಬವಿಲ್ಲ, ಬ್ಯಾಟರಿ ಇದೆ. ಬ್ಯಾಟರಿ ಕೊಡುವುದು ಡಿಸಿ. ಅದನ್ನು ಮೂರು ಫೇಸಿನ ಎಸಿ ಮಾಡುವ ಪೆಟ್ಟಿಗೆಯೇ ಇನ್ವರ್ಟರ್. ನಿಮ್ಮ ಮನೆಯ ಯುಪಿಎಸ್ ಮಾಡುವುದೂ ಇದೇ ಕೆಲಸ, ಆದರೆ ಸಣ್ಣ ಪ್ರಮಾಣದಲ್ಲಿ, ಸಿಂಗಲ್ ಫೇಸಿನಲ್ಲಿ. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ವರ್ಟರ್ ಮೋಟರಿಗೆ ಹೆಚ್ಚು ಶಕ್ತಿ ಕೊಡುತ್ತದೆ. ಕಾಲು ತೆಗೆದರೆ ಚಕ್ರವೇ ಮೋಟರನ್ನು ತಿರುಗಿಸುತ್ತದೆ. ಆಗ ಅದು ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತದೆ. ಹಿಂದೆ ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿಸಿದಾಗ ದೀಪ ಹತ್ತುತ್ತಿತ್ತು, ತುಳಿಯುವುದು ಭಾರವಾಗುತ್ತಿತ್ತು. ಆ ಭಾರವೇ ಇಲ್ಲಿ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ.

ಇದು ಪರದೇಶದಿಂದ ನಿನ್ನೆ ಮೊನ್ನೆ ಬಂದ ಸಂಗತಿಯೂ ಅಲ್ಲ. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ರಸ್ತೆಗಿಳಿಯಿತು. ಅದನ್ನು ರೂಪಿಸಿದವರು ಚೇತನ್ ಮೈನಿ. ಲಂಡನ್ನಿನ ಬೀದಿಗಳಲ್ಲಿ ಅದು ಜೀ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ತನ್ನದಾಗಿಸಿಕೊಂಡಿತು. ರೇವಾದಲ್ಲಿ ಮೊದಲಿಗೆ ಇದ್ದದ್ದು ಸೀಸದ ಬ್ಯಾಟರಿ, ಮನೆಯ ಯುಪಿಎಸ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕುತ್ತೀರಲ್ಲ, ಆ ಜಾತಿಯದು. ಭಾರ ಜಾಸ್ತಿ, ಆಯುಸ್ಸು ಕಡಿಮೆ. ಲಿಥಿಯಂ ಅಯಾನ್ ಬ್ಯಾಟರಿ ಅಗ್ಗವಾದ ಮೇಲೆಯೇ ಈ ಕಾರುಗಳು ಜನಸಾಮಾನ್ಯರ ಕಡೆ ಬಂದದ್ದು. ಆ ಬ್ಯಾಟರಿಗೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಮಕ್ಕಳೇ, ವಯಸ್ಸಾಯಿತು ಎಂದು ಓದು ನಿಲ್ಲಿಸಿದವರಿಗೆ ಇದನ್ನು ಹೇಳಿ. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಎಲೆಕ್ಟ್ರಿಕ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2017ರಲ್ಲಿ.

ಈಗ ದುಡ್ಡಿನ ಲೆಕ್ಕ. ಬ್ಯಾಟರಿಯನ್ನು ನೀರಿನ ಟ್ಯಾಂಕಿನಂತೆ ನೋಡಿ. ಟ್ಯಾಂಕಿಗೆ ಲೀಟರ್ ಇದ್ದಂತೆ ಇದಕ್ಕೆ ಯೂನಿಟ್, ನಮ್ಮ ಮೀಟರಿನಲ್ಲಿ ಓಡುವ ಅದೇ ಯೂನಿಟ್. ಸಣ್ಣ ಕಾರುಗಳಲ್ಲಿ 20ರಿಂದ 30 ಯೂನಿಟ್, ಅದಕ್ಕಿಂತ ದೊಡ್ಡವುಗಳಲ್ಲಿ 40, 50 ಯೂನಿಟ್ ಹಿಡಿಸುತ್ತದೆ. ನನ್ನ ಅನುಭವದಲ್ಲಿ ಒಂದು ಯೂನಿಟ್ಟಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಹೆದ್ದಾರಿಯಲ್ಲಿ 100ರ ವೇಗ ಮುಟ್ಟಿದರೆ 5ಕ್ಕೆ ಇಳಿಯುತ್ತದೆ. ಪೆಟ್ರೋಲ್ ಕಾರಿಗೆ ಪೇಟೆಯೊಳಗೆ ಖರ್ಚು ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ಇದಕ್ಕೆ ತಿರುಗಾಮುರುಗಾ. ಕಂಪನಿಯವರು ಜಾಹೀರಾತಿನಲ್ಲಿ ಹಾಕುವ ಕಿಲೋಮೀಟರ್ ಪ್ರಯೋಗಶಾಲೆಯ ಅಳತೆ. ಅದರಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ, ನಿಮಗೆ ಸಿಗುತ್ತದೆ ಎಂದುಕೊಂಡೇ ಕೊಳ್ಳಿ.

ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವ ಮನೆ ಎಂದಿಟ್ಟುಕೊಳ್ಳೋಣ. ಲೀಟರಿಗೆ 17 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ 59 ಲೀಟರ್ ಬೇಕು. ಲೀಟರಿಗೆ ಬರೀ 100 ರೂಪಾಯಿ ಹಿಡಿದರೂ 5,900 ರೂಪಾಯಿ. ಕರೆಂಟ್ ಕಾರಿಗೆ 143 ಯೂನಿಟ್, ಚಾರ್ಜ್ ಮಾಡುವಾಗ ಶಾಖವಾಗಿ ಹೋಗುವುದನ್ನೂ ಸೇರಿಸಿ 160 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದರೆ 1,120 ರೂಪಾಯಿ. ತಿಂಗಳಿಗೆ ಉಳಿತಾಯ ಸುಮಾರು 4,700. ಆದರೆ ಕಾರಿನ ಬೆಲೆ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ 4 ಲಕ್ಷ ಜಾಸ್ತಿಯಿದ್ದರೆ? ಆ 4 ಲಕ್ಷ ವಾಪಸ್ ಬರಲು 85 ತಿಂಗಳು, ಅಂದರೆ ಏಳು ವರ್ಷ. ತಿಂಗಳಿಗೆ 2,500 ಕಿಲೋಮೀಟರ್ ಓಡಿಸುವವನಿಗೆ 34 ತಿಂಗಳು, ಮೂರು ವರ್ಷಕ್ಕೂ ಕಡಿಮೆ. ಹಾಗಾಗಿ ಮದುವೆ, ಜಾತ್ರೆ, ಆಸ್ಪತ್ರೆಗೆಂದು ತಿಂಗಳಿಗೆ ನಾಲ್ಕು ಸಲ ಕಾರು ತೆಗೆಯುವವರಿಗೆ ಈ ಕಾರಿನಿಂದ ಹಣ ಉಳಿಯುವುದಿಲ್ಲ. ದಿನಾ ಓಡಿಸುವವರಿಗೆ ಉಳಿಯುತ್ತದೆ, ಅದೂ ಮನೆಯಲ್ಲೇ ಚಾರ್ಜ್ ಮಾಡಿದರೆ. ಹೆದ್ದಾರಿಯ ಫಾಸ್ಟ್ ಚಾರ್ಜರುಗಳಲ್ಲಿ ಯೂನಿಟ್ಟಿನ ಬೆಲೆ ಮನೆಯದಕ್ಕಿಂತ ಎರಡು ಮೂರು ಪಟ್ಟು. ಯಾವಾಗಲೂ ಅಲ್ಲಿಯೇ ತುಂಬಿಸಿಕೊಂಡರೆ ಉಳಿತಾಯದ ಅರ್ಧ ಅಲ್ಲೇ ಕರಗುತ್ತದೆ.

ಇಲ್ಲಿ ನಮ್ಮೂರಿನವರು ಮರೆಯಬಾರದ ಇನ್ನೊಂದು ಲೆಕ್ಕವಿದೆ, ಗೃಹಜ್ಯೋತಿಯದು. ಮನೆಯ ಬಳಕೆ ತಿಂಗಳಿಗೆ 70 ಯೂನಿಟ್ ಇದ್ದು ಸೊನ್ನೆ ಬಿಲ್ ಬರುತ್ತಿದೆ ಎನ್ನಿ. ಅದಕ್ಕೆ ಕಾರಿನ 160 ಸೇರಿದರೆ 230. 200 ದಾಟಿದ ತಿಂಗಳು ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಕಾರಿನ ಖರ್ಚಿನ ಜೊತೆಗೆ ಮನೆಯ ಬಿಲ್ಲೂ ತಲೆಗೆ ಬರುತ್ತದೆ. ವಾಹನ ಚಾರ್ಜಿಂಗ್‌ಗೆ ಬೇರೆ ದರದ ವರ್ಗವಿದೆ. ಪ್ರತ್ಯೇಕ ಮೀಟರ್ ಸಿಗುತ್ತದೆಯೇ, ಎಷ್ಟು ಠೇವಣಿ ಎಂಬುದನ್ನು ಕಾರು ಬುಕ್ ಮಾಡುವ ಮೊದಲು ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಹಳೆಯ ಮನೆಗಳಿಗೆ ಮಂಜೂರಾದ ಲೋಡು ಒಂದು ಕಿಲೋವಾಟ್ ಇರುವುದುಂಟು. ಕಾರು ಒಂದೇ ಮೂರು ಕಿಲೋವಾಟ್ ಎಳೆಯುತ್ತದೆ. ಲೋಡು ಹೆಚ್ಚಿಸಿಕೊಳ್ಳದೆ ಚಾರ್ಜಿಗೆ ಹಾಕುವುದು ಸರಿಯಲ್ಲ.

ಮುಂದಿನದು ನಾನು ಈ ದಿನ ಇಲ್ಲಿ ನಿಂತಿರುವುದಕ್ಕೆ ಮುಖ್ಯ ಕಾರಣ. ದಯವಿಟ್ಟು ಎಲ್ಲರೂ ಕೇಳಿಸಿಕೊಳ್ಳಿ. ಅದು ಅರ್ಥಿಂಗ್.

ಕಾರಿನ ಜೊತೆ ಕೊಡುವ ಚಾರ್ಜಿಂಗ್ ಕೇಬಲ್ಲಿನ ನಡುವೆ ಒಂದು ಡಬ್ಬಿ ಇರುತ್ತದೆ. ಸಾಕೆಟ್ಟಿಗೆ ಹಾಕಿದ ಕೂಡಲೇ ಅದು ಕಾರಿಗೆ ಕರೆಂಟ್ ಬಿಡುವುದಿಲ್ಲ. ಮೊದಲು ಅರ್ಥ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದೆ, ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ. ಇದ್ದರೂ ಅರ್ಥ್ ಗುಂಡಿ ತೋಡಿ ಇಪ್ಪತ್ತು ವರ್ಷವಾಗಿ, ಪೈಪು ತುಕ್ಕು ಹಿಡಿದು, ಬೇಸಿಗೆಯಲ್ಲಿ ಒಣಗಿ ಕೂತಿರುತ್ತದೆ. ಆಗ ಯಾರಾದರೂ ಒಂದು ಉಪಾಯ ಹೇಳಿಕೊಡುತ್ತಾರೆ: ‘ಸಾಕೆಟ್ ಒಳಗೆ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ವೈರ್ ಕೊಟ್ಟುಬಿಡು, ಹಸಿರು ದೀಪ ಹತ್ತುತ್ತೆ.’ ನಿಜ, ಹತ್ತುತ್ತದೆ. ಡಬ್ಬಿ ಮೋಸ ಹೋಗುತ್ತದೆ, ಕಾರು ಚಾರ್ಜ್ ಆಗುತ್ತದೆ, ತಿಂಗಳುಗಟ್ಟಲೆ ಏನೂ ಆಗುವುದಿಲ್ಲ.

ಒಂದು ದಿನ ಗಾಳಿಮಳೆಗೆ ಕಂಬದಲ್ಲೋ, ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಬಿಟ್ಟುಹೋಗುತ್ತದೆ. ನಮ್ಮೂರಲ್ಲಿ ಇದು ಹೊಸದಲ್ಲ. ಆಗ ಮನೆಯ ಬಲ್ಬಿನ ಮೂಲಕ, ಫ್ಯಾನಿನ ಮೂಲಕ ಬಂದ ಕರೆಂಟ್ ಹಿಂದಿರುಗಲು ದಾರಿಯಿಲ್ಲದೆ ಆ ತುಂಡು ವೈರಿನಿಂದ ನೇರ ಕಾರಿನ ಮೈಗೆ ಬರುತ್ತದೆ. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ, ಆದ್ದರಿಂದ ಕರೆಂಟ್ ಭೂಮಿಗೆ ಇಳಿಯುವುದಿಲ್ಲ, ಕಾಯುತ್ತಾ ಇರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಬಂದ ಮಗು ಬಾಗಿಲಿನ ಹಿಡಿ ಮುಟ್ಟಿದರೆ ಆ ಮಗುವೇ ಭೂಮಿಗೆ ದಾರಿ. ಕಾರಿನಲ್ಲಿ ಯಾವ ದೋಷವೂ ಇಲ್ಲದೆ, ಎರಡಿಂಚು ವೈರಿನಿಂದ ಒಂದು ಜೀವ ಹೋಗಬಹುದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವಿದ್ಯುತ್ ಮಂಡಲದ ಚಿತ್ರ ಇದೆ. ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂದು ಮೂರನ್ನೂ ಬೇರೆ ಬೇರೆ ಬರೆದಿದ್ದಾರೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯೆಂದು ನಾವು ಬಾಯಿಪಾಠ ಮಾಡಿದ ಚಿತ್ರ ಅದು. ಆ ಮೂರು ತಂತಿಗಳನ್ನು ಯಾಕೆ ಬೇರೆಯಾಗಿಯೇ ಇಡಬೇಕು ಎಂಬುದಕ್ಕೆ ಉತ್ತರ ಈ ಅಂಗಳದಲ್ಲಿದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಬೇರೆಯಾಗಿ ಎಳೆಸಿ. ಅದಕ್ಕೆ 20 ಆಂಪಿಯರಿನ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ. ಹೊಸ ಅರ್ಥ್ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರಿಂದ ಮೀಟರ್ ಹಿಡಿಸಿ ನೋಡಿ, 5 ಓಮ್‌ಗಿಂತ ಕಡಿಮೆ ಬರಬೇಕು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ. ಸಾಕೆಟ್ ಒಳ್ಳೆಯ ಕಂಪನಿಯದೇ ಇರಲಿ. ಎಂಟು ಹತ್ತು ಗಂಟೆ ಸತತವಾಗಿ 15 ಆಂಪಿಯರ್ ಹರಿಯುವಾಗ ಸಡಿಲವಾದ ಸಾಕೆಟ್ ಕರಗುತ್ತದೆ. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ತಕ್ಷಣ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬೇಡಿ. ಇಷ್ಟು ಕೆಲಸದ ಖರ್ಚು ಕಾರಿನ ಬೆಲೆಯ ಮುಂದೆ ಏನೂ ಅಲ್ಲ.

ವೋಲ್ಟೇಜಿನದೂ ಒಂದು ಮಾತು. 230 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 3,450 ವಾಟ್. 30 ಯೂನಿಟ್ಟಿನ ಬ್ಯಾಟರಿ ತುಂಬಲು ಒಂಬತ್ತು ಗಂಟೆ. ಸಂಜೆ ಹೊತ್ತು ನಮ್ಮೂರಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 2,700 ವಾಟ್, ಹನ್ನೊಂದು ಗಂಟೆ. ಜೊತೆಗೆ ಒಂದು ಗಂಟೆ ನಷ್ಟದ ಬಾಬ್ತು. ಇನ್ನೂ ಇಳಿದರೆ ಕಾರು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ. ಆಗ ಕಾರು ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ರಾತ್ರಿ ಹತ್ತರ ಮೇಲೆ ಹಾಕಿ ನೋಡಿ. ಸಾಧ್ಯವಿದ್ದವರು ಹಗಲಲ್ಲೇ ಹಾಕಿದರೆ ಇನ್ನೂ ಒಳ್ಳೆಯದು. ನಮ್ಮದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಹಗಲಿನ ಕರೆಂಟಿನಲ್ಲಿ ಬಿಸಿಲಿನ ಪಾಲು ಜಾಸ್ತಿ.

ಇನ್ನು ಕೆಡುವ ವಿಷಯ. ಇಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಹಾಗೆಂದು ಕೆಡುವುದೇ ಇಲ್ಲ ಎನ್ನುವವರ ಮಾತು ನಂಬಬೇಡಿ.

ನನ್ನ ಕಾರು ಮೊದಲ ಸಲ ನಿಂತದ್ದು ಇದೇ ಊರಿನಲ್ಲಿ, ಒಂದು ದೀಪಾವಳಿಯ ಮಾರನೆಯ ದಿನ. ರಿಮೋಟ್ ಒತ್ತಿದರೆ ಬಾಗಿಲು ತೆಗೆಯಲಿಲ್ಲ, ಒಳಗೆ ಒಂದು ದೀಪವೂ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ ಹಿಂದಿನ ರಾತ್ರಿ 70 ಪರ್ಸೆಂಟ್ ಇತ್ತು. ನಮ್ಮ ಬಸ್ ಸ್ಟ್ಯಾಂಡಿನ ಗ್ಯಾರೇಜಿನ ಅಣ್ಣ ಬಂದರು. ಅವರೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿ, ನನಗಿಂತ ಮೂರು ವರ್ಷ ಮುಂದೆ. ಕರೆಂಟ್ ಕಾರಿನ ಬಾನೆಟ್ ಅವರು ಅದುವರೆಗೆ ಎತ್ತಿರಲಿಲ್ಲ. ‘ಲಾಕು, ಲೈಟು, ಹಾರನ್ನು ಇವಕ್ಕೆಲ್ಲ ಆ ದೊಡ್ಡ ಬ್ಯಾಟರಿಯಿಂದ ಕೊಡ್ತಾರೇನೋ? ಇರಲಾರದು. ಇದರಲ್ಲೂ ಸಣ್ಣದೊಂದು ಇರಬೇಕು’ ಎಂದರು. ಇತ್ತು. ಎಲ್ಲ ಕಾರಿನಲ್ಲೂ ಇರುವಂಥದೇ 12 ವೋಲ್ಟಿನ ಬ್ಯಾಟರಿ. ಮೀಟರ್ ಹಿಡಿದರೆ 9.8 ವೋಲ್ಟ್. ಟ್ರ್ಯಾಕ್ಟರಿನ ಬ್ಯಾಟರಿ ತಂದು ಕೇಬಲ್ ಕೊಟ್ಟ ಕೂಡಲೇ ಕಾರು ಎದ್ದು ಕೂತಿತು. ಮಾರನೆಯ ದಿನ ತಿಪಟೂರಿನಿಂದ ಹೊಸ ಬ್ಯಾಟರಿ ತಂದು ಹಾಕಿದೆವು.

ಇದನ್ನು ವಿವರಿಸುತ್ತೇನೆ, ಏಕೆಂದರೆ ದಾರಿಯಲ್ಲಿ ನಿಲ್ಲುವ ಕರೆಂಟ್ ಕಾರುಗಳಲ್ಲಿ ಬಹಳಷ್ಟು ನಿಲ್ಲುವುದು ಈ ಸಣ್ಣ ಬ್ಯಾಟರಿಯಿಂದ. ಮುನ್ನೂರು ನಾನೂರು ವೋಲ್ಟಿನ ದೊಡ್ಡ ಬ್ಯಾಟರಿಯನ್ನು ಕಾರು ನಿಂತಾಗ ರಿಲೇಗಳು ಕತ್ತರಿಸಿಟ್ಟಿರುತ್ತವೆ, ಸುರಕ್ಷತೆಗಾಗಿ. ಆ ರಿಲೇ ಎಳೆದುಕೊಳ್ಳಲು, ಕಾರಿನ ಕಂಪ್ಯೂಟರ್ ಎಚ್ಚರವಾಗಲು ಬೇಕಾದದ್ದು 12 ವೋಲ್ಟ್. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಕಾಯಿಲ್ ಕೆಟ್ಟರೆ ಮೂರು ಫೇಸು ಇದ್ದರೂ ಮೋಟರ್ ಏಳುವುದಿಲ್ಲವಲ್ಲ, ಹಾಗೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಬ್ಯಾಟರಿ ಬದಲಿಸಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಆದರೆ ಕರೆಂಟ್ ಕಾರಿನಿಂದ ಬೇರೆ ಗಾಡಿಗೆ ಜಂಪ್ ಕೊಡಬೇಡಿ.

ಎರಡನೇ ಸಲದ್ದು ಅಷ್ಟು ಸುಲಭವಾಗಿರಲಿಲ್ಲ. ಮನೆಯಲ್ಲಿ ಹಾಕಿದರೆ ಚಾರ್ಜ್ ತೆಗೆದುಕೊಳ್ಳದು, ಫಾಸ್ಟ್ ಚಾರ್ಜರಿನಲ್ಲಿ ತೆಗೆದುಕೊಳ್ಳುತ್ತದೆ. ಮನೆಯ ಎಸಿಯನ್ನು ಡಿಸಿ ಮಾಡುವ ಪೆಟ್ಟಿಗೆ ಕಾರಿನೊಳಗೇ ಇರುತ್ತದೆ, ಅದು ಹೋಗಿತ್ತು. ಫಾಸ್ಟ್ ಚಾರ್ಜರು ನೇರ ಡಿಸಿ ಕೊಡುವುದರಿಂದ ಆ ಪೆಟ್ಟಿಗೆಯ ಹಂಗಿಲ್ಲ. ವಾರಂಟಿ ಇದ್ದದ್ದರಿಂದ ಹಣ ಹೋಗಲಿಲ್ಲ, ದಿನ ಹೋಯಿತು. ಬಿಡಿಭಾಗ ಬರಲು ಹತ್ತೊಂಬತ್ತು ದಿನ ಕಾರು ಸರ್ವಿಸ್ ಸೆಂಟರಿನಲ್ಲಿ ನಿಂತಿತ್ತು. ನಾನು ಬಸ್ಸಿನಲ್ಲಿ ಆಫೀಸಿಗೆ ಹೋದೆ, ಸಂಬಳ ನಿಲ್ಲಲಿಲ್ಲ. ಬಾಡಿಗೆಗೆ ಓಡಿಸುವವನಿಗೆ ಹತ್ತೊಂಬತ್ತು ದಿನ ಎಂದರೆ ಒಂದು ಕಂತು. ಕಂತಿಗೆ ಬಿಡಿಭಾಗದ ಕಥೆ ಬೇಕಿಲ್ಲ. ಆದ್ದರಿಂದ ಸಾಲ ಮಾಡುವ ತಮ್ಮಂದಿರಿಗೆ ಹೇಳುತ್ತೇನೆ: ಕಾರಿನ ಬಣ್ಣ, ಪರದೆಯ ಅಗಲ ಆಮೇಲೆ ನೋಡಿ. ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ, ಅಲ್ಲಿ ಹೈ ವೋಲ್ಟೇಜ್ ತರಬೇತಿ ಪಡೆದವರು ಇದ್ದಾರೆಯೇ, ಬಿಡಿಭಾಗಕ್ಕೆ ಎಷ್ಟು ದಿನ ಎಂದು ಅದೇ ಕಾರು ಓಡಿಸುವ ನಾಲ್ಕು ಜನರನ್ನು ಕೇಳಿ. ಎರಡು ಕಂತಿನಷ್ಟು ಹಣ ಕೈಯಲ್ಲಿಟ್ಟುಕೊಂಡೇ ಸಹಿ ಹಾಕಿ. ಬಾಡಿಗೆಗೆ ಹಸಿರು ಪ್ಲೇಟಿನಲ್ಲಿ ಹಳದಿ ಅಕ್ಷರ ಇರಬೇಕು, ಬ್ಯಾಟರಿ ವಾರಂಟಿ ಬಾಡಿಗೆ ಗಾಡಿಗೂ ಅಷ್ಟೇ ಇದೆಯೇ ಎಂದು ಬರಹದಲ್ಲಿ ನೋಡಿ.

ದೊಡ್ಡ ಬ್ಯಾಟರಿಯ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಷ್ಟರವರೆಗೆ ವಾರಂಟಿ ಕೊಡುತ್ತಾರೆ. ಅದು ಮೊಬೈಲಿನ ಬ್ಯಾಟರಿಯಂತೆ ಎರಡು ವರ್ಷಕ್ಕೆ ಮುಗಿಯುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ನನ್ನ ಕಾರು ಹೊಸದಿದ್ದಾಗ ಪೂರ್ತಿ ಚಾರ್ಜಿಗೆ ಪೇಟೆಯಲ್ಲಿ 230 ಕಿಲೋಮೀಟರ್ ಓಡುತ್ತಿತ್ತು, ಈಗ 212. ಬ್ಯಾಟರಿಗೆ ಎರಡು ಶತ್ರು: ಶಾಖ, ಅತಿ. ಉರಿಬಿಸಿಲಿನಲ್ಲಿ ನಿಲ್ಲಿಸುವುದು, ದಿನಾ ಫಾಸ್ಟ್ ಚಾರ್ಜ್ ಮಾಡುವುದು, ಪೂರ್ತಿ ತುಂಬಿಸಿ ವಾರಗಟ್ಟಲೆ ಬಿಡುವುದು, ಸೊನ್ನೆಗೆ ಇಳಿಸಿ ಬಿಡುವುದು, ಇವು ಒಳ್ಳೆಯದಲ್ಲ. ನಿಕಲ್ ಇರುವ ಬ್ಯಾಟರಿಯಾದರೆ ದಿನನಿತ್ಯಕ್ಕೆ 80 ಪರ್ಸೆಂಟ್ ಸಾಕು. ಕಬ್ಬಿಣ, ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿಯಾದರೆ ಆಗಾಗ 100ಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಎಂಬ ಲೆಕ್ಕ ಕಾರಿಗೇ ತಪ್ಪುತ್ತದೆ. ನಿಮ್ಮದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಎಂಬ ವರದಿ ಪಡೆಯಿರಿ, ವಾರಂಟಿ ಎರಡನೇ ಮಾಲೀಕನಿಗೆ ಬರುತ್ತದೆಯೇ ಎಂದು ನೋಡಿ. ಆಯುಸ್ಸು ಮುಗಿದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಅದನ್ನು ವಾಪಸ್ ಪಡೆಯುವುದು ತಯಾರಕರ ಹೊಣೆ ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ.

ದಿನನಿತ್ಯದ ಉಪಚಾರ ಇಷ್ಟು. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ, ಏಕೆಂದರೆ ಈ ಕಾರು ಭಾರ, ಎಳೆತ ಜೋರು, ಟೈರು ಬೇಗ ಸವೆಯುತ್ತದೆ. ಬ್ರೇಕ್ ಪ್ಯಾಡ್ ಬಹಳ ದಿನ ಬರುತ್ತದೆ, ಆದರೆ ಬಳಸದೆ ಡಿಸ್ಕು ತುಕ್ಕು ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ಆಗಾಗ ಕಾಲಿನ ಬ್ರೇಕನ್ನೇ ಒತ್ತಿ. ಬ್ರೇಕ್ ಆಯಿಲ್, ಕೂಲಂಟ್, ಗೇರ್ ಪೆಟ್ಟಿಗೆಯ ಆಯಿಲ್ ಇವುಗಳ ಅವಧಿ ಪುಸ್ತಕದಲ್ಲಿದೆ. ಕೂಲಂಟಿಗೆ ಕಂಪನಿ ಹೇಳಿದ್ದನ್ನೇ ಹಾಕಿ, ಬೋರಿನ ನೀರು ಬೇಡ. ನಮ್ಮ ಹಳ್ಳಿಗಳ ದೊಡ್ಡ ಶತ್ರು ಇಲಿ. ತೆಂಗಿನಕಾಯಿ ಇರುವ ಮನೆಯಲ್ಲಿ ಇಲಿ ಇರಲೇಬೇಕು, ಅದಕ್ಕೆ ವೈರೂ ಒಂದೇ, ಕಾಯಿಯೂ ಒಂದೇ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿನ ಮೇಲೆ ಹಲ್ಲಿನ ಗುರುತು ಕಂಡರೆ ಕೈ ಹಾಕಬೇಡಿ, ಟೇಪ್ ಸುತ್ತಬೇಡಿ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ. ತೋಟದ ದಾರಿಯ ಕಲ್ಲು ತಗುಲಿದ್ದು ಕೇಳಿಸಿದರೆ ಲಿಫ್ಟ್ ಮೇಲೆ ಎತ್ತಿಸಿ ನೋಡಿ. ಕೆಟ್ಟರೆ ಹಗ್ಗ ಕಟ್ಟಿ ಎಳೆಯಬೇಡಿ, ಚಕ್ರ ತಿರುಗಿದರೆ ಮೋಟರು ಕರೆಂಟ್ ಹುಟ್ಟಿಸುತ್ತದೆ. ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು. ಗುಡುಗು ಸಿಡಿಲಿನ ದಿನ ಪ್ಲಗ್ ತೆಗೆದಿಡಿ.

ಮಳೆಗೆ ಹೆದರಬೇಕಿಲ್ಲ. ಬ್ಯಾಟರಿಗೆ ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಎಂದರ್ಥ. ಹಾಗೆಂದು ತುಂಬಿ ಹರಿಯುವ ಹಳ್ಳಕ್ಕೆ ಇಳಿಸಬೇಡಿ. ಬೆಂಕಿಯ ವಿಷಯಕ್ಕೆ ಬಂದರೆ, 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಮಾನದಂಡಗಳನ್ನು ಬಿಗಿ ಮಾಡಿತು. ಅಪರೂಪವಾದರೂ ಲಿಥಿಯಂ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ, ಆರಿದಂತೆ ಕಂಡು ಮತ್ತೆ ಏಳುತ್ತದೆ. ಜನ ದೂರ ಸರಿದು 112ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ವರ್ಷಗಟ್ಟಲೆ ಕಾಯಿ ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡುವ ಪದ್ಧತಿ. ಆ ಅಟ್ಟದ ಕೆಳಗೆ, ಹುಲ್ಲಿನ ಬಣವೆಯ ಮಗ್ಗುಲಲ್ಲಿ, ಮಟ್ಟೆಯ ರಾಶಿಯ ಪಕ್ಕದಲ್ಲಿ ಯಾವ ಬ್ಯಾಟರಿ ಗಾಡಿಯನ್ನೂ ಚಾರ್ಜಿಗೆ ಹಾಕಬೇಡಿ. ಸ್ಕೂಟರಿಗೂ ಇದೇ ಮಾತು.

ಕೊನೆಯದಾಗಿ ಗ್ಯಾರೇಜಿನ ಅಣ್ಣನ ಪ್ರಶ್ನೆ. ಬ್ಯಾಟರಿ ಹಾಕಿ ಕೈ ಒರೆಸಿಕೊಳ್ಳುತ್ತಾ ಅವರು ಕೇಳಿದ್ದರು: ‘ತಮ್ಮಾ, ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಕ್ಲಚ್ ಇಲ್ಲ. ನನ್ನ ಕಾಲ ಹೇಗೋ ಕಳೆಯುತ್ತೆ. ನನ್ನ ಮಗ ಒಂಬತ್ತನೇ ಕ್ಲಾಸು, ರಜದಲ್ಲಿ ಗ್ಯಾರೇಜಿಗೆ ಬರ್ತಾನೆ. ಅವನಿಗೆ ಏನು ಕಲಿಸಲಿ?’ ಆ ಹೊತ್ತು ನನ್ನಲ್ಲಿ ತಕ್ಕ ಉತ್ತರ ಇರಲಿಲ್ಲ. ವಿಚಾರಿಸಿ ತಿಳಿದ ಮೇಲೆ ಈಗ ಇದೆ. ಟೈರು, ಸಸ್ಪೆನ್ಷನ್, ಬ್ರೇಕು, ಎಸಿ, 12 ವೋಲ್ಟಿನ ವೈರಿಂಗ್, ಇವೆಲ್ಲ ಕರೆಂಟ್ ಕಾರಿನಲ್ಲೂ ಇವೆ, ಇವು ಊರಿನ ಗ್ಯಾರೇಜಿನ ಕೆಲಸವಾಗಿಯೇ ಉಳಿಯುತ್ತವೆ. ಕಿತ್ತಳೆ ಕೇಬಲ್ಲಿನ ಆಚೆಯ ಕೆಲಸಕ್ಕೆ ತರಬೇತಿ ಬೇಕು, ಅದು ನೋಡಿ ಕಲಿಯುವ ವಿದ್ಯೆಯಲ್ಲ, ಅಲ್ಲಿ ಮೊದಲ ತಪ್ಪೇ ಕೊನೆಯದಾಗಬಹುದು. ಐಟಿಐಗಳಲ್ಲಿ ‘ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್’ ಎಂಬ ಎರಡು ವರ್ಷದ ಕೋರ್ಸ್ ಬಂದಿದೆ. ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರಲ್ಲಿ ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿಸಿದಾಗ ಸೇರಿದ ಕೋರ್ಸುಗಳಲ್ಲಿ ಇದೂ ಒಂದು. ಎಸ್ಸೆಸ್ಸೆಲ್ಸಿ ಆದವರು ಸೇರಬಹುದು. ಅಪ್ಪನಿಗೆ ಸದ್ದು ಕೇಳಿ ರೋಗ ಹೇಳುವ ಕೈಗುಣವಿದೆ. ಮಗನಿಗೆ ಮೀಟರ್ ಓದುವ, ಲ್ಯಾಪ್‌ಟಾಪಿನಲ್ಲಿ ದೋಷದ ಕೋಡ್ ಓದುವ ವಿದ್ಯೆ ಸೇರಿದರೆ, ತಿಪಟೂರಿಗೋ ಬೆಂಗಳೂರಿಗೋ ಕಾರು ಹೇರಿಕೊಂಡು ಹೋಗುವ ಪಾಡು ಈ ಸುತ್ತಿನ ಹತ್ತು ಹಳ್ಳಿಗೆ ತಪ್ಪುತ್ತದೆ.

ಅದಕ್ಕೆ ಬುನಾದಿ ಈ ಶಾಲೆಯಲ್ಲೇ ಬೀಳಬೇಕು. ಓಮ್‌ನ ನಿಯಮ, ಶ್ರೇಣಿ, ಸಮಾಂತರ, ಭೂಸಂಪರ್ಕ, ಇವನ್ನು ಕಲಿಸಿದ ನಮ್ಮ ವಿಜ್ಞಾನದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಇಷ್ಟು ಹೊತ್ತು ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಪಾಠ. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಎರಡು ಕೋರಿಕೆ ಇಡುತ್ತೇನೆ. ಒಂದು, ಈ ಮಹೋತ್ಸವದ ನೆನಪಿಗೆ ಶಾಲೆಯ ಎಲ್ಲ ಕೋಣೆಗಳ ಅರ್ಥಿಂಗ್ ಪರೀಕ್ಷೆ ಮಾಡಿಸಿ ಸರಿಪಡಿಸೋಣ. ಫಲಕದ ಮೇಲೆ ಕಾಣದ ಕೆಲಸ, ಆದರೆ ಮಕ್ಕಳ ಜೀವದ ಕೆಲಸ. ಅದರ ಖರ್ಚಿನಲ್ಲಿ ಅರ್ಧ ನನ್ನದು. ಎರಡು, ವರ್ಷಕ್ಕೆ ಒಂದು ಶನಿವಾರ ಹತ್ತನೇ ತರಗತಿಯ ಮಕ್ಕಳಿಗೆ ಕಾರಿನ ಬಾನೆಟ್ ಎತ್ತಿ ತೋರಿಸೋಣ. ನನ್ನ ಕಾರು ತರುತ್ತೇನೆ, ಗ್ಯಾರೇಜಿನ ಅಣ್ಣ ಬರಲು ಒಪ್ಪಿದ್ದಾರೆ.

ತೋಟದ ಪತ್ರ ಇಡುವ ಮೊದಲು ಲೆಕ್ಕ ಹಾಕಿ, ಪ್ಲಗ್ ಹಾಕುವ ಮೊದಲು ಅರ್ಥ್ ನೋಡಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.  ಸಿರಿಗನ್ನಡಂ ಗೆಲ್ಗೆ.